ವೆಲ್ಡಿಂಗ್‌ಬಾಯಿ ಪಕ್ಷದ ಸುಮನ ಮಾವಶಿ

ನನ್ನ ಮಾವಶಿ ಸುಮನ ಸಿನಿಮಾ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದಾಳೆ ಎಂದು ಮಿರಜದ ನಮ್ಮ ಪೇಟೆಯಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಅವರ ಹೆಸರು ನನಗೆ ಗೊತ್ತು, ಅವರ ಅಂಗಡಿಗಳೂ ಗೊತ್ತು. ಅರವತ್ತು ದಾಟಿದ ಹೆಂಗಸು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅರಿಶಿಣದ ವ್ಯಾಪಾರ. ಇಂಥವಳು ಆಕಾಶದಲ್ಲಿ ಹಾರಾಡುವವರ ಸಿನಿಮಾ ನೋಡಲು ಸಾಂಗ್ಲಿಯವರೆಗೆ ಬಸ್ ಹತ್ತಿ ಹೋಗುತ್ತಾಳೆ ಎಂದರೆ ಅವರಿಗೆ ನಗು. ನಗಲಿ. ಆ ಸಿನಿಮಾಗಳ ಬಗ್ಗೆ ಅವಳಾಡಿದ ನಾಲ್ಕು ಮಾತಿಗೆ ಇಡೀ ವ್ಯಾಪಾರಿ ಮಂಡಳ ನಿದ್ದೆಗೆಟ್ಟಿತ್ತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ. ನಾನು ಅವಳ ಅಕ್ಕನ ಮಗಳು ಕಾಂಚನ. ಸಿನಿಮಾದ ವಿಷಯದಲ್ಲಿ ನಾನು ಅವಳ ವಿರುದ್ಧ ಪಕ್ಷ, ಈಗಲೂ.

ಮಾವಶಿ ಹತ್ತಿರದ ಸಲಗರೆ ಹಳ್ಳಿಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು ಮಿರಜದ ಅಡತಿ ಅಂಗಡಿಯ ಮನೆಗೆ. ರೈತರು ತಂದ ಅರಿಶಿಣವನ್ನು ಅಂಗಡಿಯಲ್ಲಿ ಸುರಿಸಿಕೊಂಡು, ಖರೀದಿದಾರರನ್ನು ಕರೆದು, ಸವಾಲು, ಅಂದರೆ ಹರಾಜು, ನಡೆಸಿ ಮಾರಿಸಿಕೊಡುವುದು ಆ ಮನೆಯ ಕಸುಬು. ಮಗ ಸುಶಾಂತ ಇನ್ನೂ ಬಾಲವಾಡಿಗೆ ಹೋಗುತ್ತಿದ್ದಾಗ ಗಂಡ ತೀರಿಕೊಂಡ. ಕಾರ್ಯ ಮುಗಿದ ಮೇಲೆ ಗಂಡನ ಅಣ್ಣ ಗುರುಬಸಪ್ಪನವರು ಅಂಗಡಿಯ ಬೀಗದ ಕೈ ಕೇಳಿದರು. ಮಾವಶಿ ಕೊಡಲಿಲ್ಲ. ಮರುದಿನ ತಾನೇ ಬಾಗಿಲು ತೆಗೆದು, ಕಸ ಹೊಡೆದು, ಗಂಡ ಕೂರುತ್ತಿದ್ದ ಗಾದಿಯ ಮೇಲೆ ಕುಳಿತಳು. ಗಾದಿ ಎಂದರೆ ಬಿಳಿ ಹೊದಿಕೆಯ ಹಾಸಿಗೆ, ಒರಗಲು ಒಂದು ಲೋಡು, ಅಷ್ಟೇ. ಆದರೆ ನಮ್ಮ ಪೇಟೆಯಲ್ಲಿ ಅದರ ಮೇಲೆ ಕೂತವರ ಮಾತೇ ಅಂಗಡಿಯ ಮಾತು.

ಗದ್ದಲವೆದ್ದಿತು. ಆಗ ನಮ್ಮ ಪೇಟೆಯಲ್ಲಿ ಧಾರಣೆ ಕುದುರುತ್ತಿದ್ದದ್ದು ರುಮಾಲಿನ ಕೆಳಗೆ. ಖರೀದಿದಾರನೂ ಅಂಗಡಿಯವನೂ ಎದುರುಬದುರು ಕೂತು, ಕೈಗಳ ಮೇಲೆ ರುಮಾಲು ಹೊದಿಸಿಕೊಂಡು, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಬಿಟ್ಟು ದರ ಹೇಳಿಕೊಳ್ಳುತ್ತಿದ್ದರು. ಬಾಯಿಯಿಂದ ಒಂದು ಮಾತಿಲ್ಲ. ಅರಿಶಿಣ ಬೆಳೆದ ರೈತ ಪಕ್ಕದಲ್ಲೇ ನಿಂತು ಆ ರುಮಾಲಿನ ಅಲುಗಾಟ ನೋಡುತ್ತಿದ್ದ. ಏನು ನಡೆಯಿತು ಎಂದು ಅವನಿಗೆ ಕೊನೆಗೆ ಗೊತ್ತಾಗುತ್ತಿತ್ತು, ಅದೂ ಅವರು ಹೇಳಿದಷ್ಟು.

“ಹೆಣ್ಣಿನ ಕೈ ರುಮಾಲಿನ ಕೆಳಗ ಹ್ಯಾಂಗ ಬರಬೇಕವ್ವಾ?” ಎಂದು ಗುರುಬಸಪ್ಪನವರು ಎಲ್ಲರೆದುರು ಕೇಳಿದರು. “ಪರಗಂಡಸರು ಬೆರಳು ಹಿಡೀಬೇಕಾಗ್ತೈತಿ. ನಮ್ಮ ಮನಿತನಕ್ಕ ಅದು ಶೋಭಾ ತರೂದಿಲ್ಲ.”

“ಹಂಗಾದ್ರ ಕೈ ಬ್ಯಾಡ ಬಿಡ್ರಿ. ನಾ ಬಾಯಿಲೆ ಕೂಗತೇನಿ,” ಎಂದಳು ಮಾವಶಿ.

ಕೂಗಿದಳು. ಮೊದಮೊದಲು ಅವಳ ಅಂಗಡಿಯ ಮುಂದೆ ನಿಲ್ಲಲು ಖರೀದಿದಾರರು ನಾಚಿದರು. ಆದರೆ ತಮ್ಮ ಮಾಲಿನ ಧಾರಣೆ ತಮ್ಮ ಕಿವಿಗೇ ಬೀಳುವ ರುಚಿ ರೈತರಿಗೆ ಹತ್ತಿತು. ಒಳ್ಳೆಯ ಅರಿಶಿಣವೆಲ್ಲ ಅವಳಲ್ಲಿಗೆ ಬರತೊಡಗಿತು. ಮಾಲಿದ್ದ ಕಡೆ ಖರೀದಿದಾರ ಬರಲೇಬೇಕು, ಬಂದ. ಕೆಲವೇ ವರ್ಷಗಳಲ್ಲಿ ಉಳಿದ ಅಂಗಡಿಯವರೂ ರುಮಾಲು ಮಡಿಸಿಟ್ಟು ಕೂಗತೊಡಗಿದರು. ಇದಕ್ಕೆ ಕಾರಣ ಯಾರು ಎಂದು ಈಗ ಕೇಳಿ ನೋಡಿ, ಎಲ್ಲರೂ ಸರ್ಕಾರದ ಕಾಯ್ದೆಯ ಹೆಸರು ಹೇಳುತ್ತಾರೆ.

ಇನ್ನು ಸಿನಿಮಾದ ಚಟ. ಅಮಾವಾಸ್ಯೆಗೆ ಪೇಟೆ ಬಂದ್. ಬೆಳಿಗ್ಗೆ ಅಂಗಡಿಯಲ್ಲಿ ಪೂಜೆ, ಪ್ರಸಾದ. ಮಧ್ಯಾಹ್ನದ ಮೇಲೆ ಬಿಡುವು. ಆ ಬಿಡುವಿನಲ್ಲಿ ಸುಶಾಂತ ಅವ್ವನನ್ನು ಥಿಯೇಟರಿಗೆ ಎಳೆದೊಯ್ಯುತ್ತಿದ್ದ. ಅವನಿಗೆ ಬೇಕಾದದ್ದು ಹಾರುವವರ, ಗುದ್ದುವವರ ಸಿನಿಮಾ. ಅವನಿಗೆ ಮೀಸೆ ಬಂತು, ಹೆಂಡತಿ ಬಂದಳು, ಸಿನಿಮಾ ಬಿಟ್ಟುಹೋಯಿತು. ಮಾವಶಿಗೆ ಬಿಡಲಿಲ್ಲ. ಅವನು ಖಾಲಿ ಮಾಡಿದ ಸೀಟಿಗೆ ನಾನು ಬಂದೆ.

ಇಂಥ ಸಿನಿಮಾ ತೆಗೆಯುವ ಎರಡು ದೊಡ್ಡ ವಿಲಾಯತಿ ಕಂಪನಿಗಳಿವೆ. ಒಂದಕ್ಕೊಂದು ಆಗಿಬರುವುದಿಲ್ಲ. ಎರಡೂ ಒಬ್ಬೊಬ್ಬ ವೀರರಿಂದ ಶುರುಮಾಡಿ, ಸಿನಿಮಾಕ್ಕೆ ಸಿನಿಮಾ ಪೋಣಿಸಿ, ಈಗ ಅಂಥವರ ಒಂದೊಂದು ದಂಡನ್ನೇ ಕಟ್ಟಿವೆ. ಹಿಂದಿಗೆ ಡಬ್ ಆಗಿ ಬರುವ ಅವುಗಳ ನಿಜವಾದ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ಒಂದು ಕಂಪನಿಯ ಮೊದಲ ಸಿನಿಮಾದ ವೀರನಿಗೆ ಮಾವಶಿ ‘ನೀಲಿ ಸರದಾರ’ ಎಂದು ಹೆಸರಿಟ್ಟಳು. ಇನ್ನೊಂದರ ಮೊದಲ ಸಿನಿಮಾದಲ್ಲಿರುವವಳು ಹಡಗು ಕಟ್ಟುವ ಕಾರ್ಖಾನೆಯ ವೆಲ್ಡರ್ ಹೆಂಗಸು. ಅವಳು ‘ವೆಲ್ಡಿಂಗ್‌ಬಾಯಿ’ ಆದಳು.

ನೀಲಿ ಸರದಾರ ನಕ್ಷತ್ರಲೋಕದ ರಾಜಕುಮಾರ. ಶಕ್ತಿ ಹುಟ್ಟಿನಿಂದಲೇ ಬಂದದ್ದು. ಭೂಮಿಯ ಮೇಲೆ ಹಗಲೆಲ್ಲ ಗಡಿಯಾರ ರಿಪೇರಿ ಮಾಡುತ್ತ ಬಡವನಂತೆ ಇರುತ್ತಾನೆ, ಕಷ್ಟ ಬಂದಾಗ ನೀಲಿ ಮುಖವಾಡ ಹಾಕುತ್ತಾನೆ. ನೆರೆಯಲ್ಲಿ ಕುಸಿಯುತ್ತಿರುವ ಸೇತುವೆಯನ್ನು ಬೆನ್ನ ಮೇಲೆ ಹೊತ್ತು, ಕೊನೆಯ ಬಸ್ಸು ದಾಟುವವರೆಗೆ ನಿಲ್ಲುತ್ತಾನಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾಂಗ್ಲಿವಾಡಿಯ ಸೇತುವೆಯ ಹತ್ತಿರ ನಿಂತು ಕೃಷ್ಣೆಯ ನೆರೆ ಕಂಡವರಿಗೆ ಆ ದೃಶ್ಯದ ಬೆಲೆ ಗೊತ್ತು. ಕೊನೆಗೆ ಊರು ಉಳಿಸಿದ್ದು ಯಾರು ಎಂದು ಮೇಯರ್ ಕೇಳುತ್ತಾನೆ. ಸರದಾರ ಜನರ ನಡುವೆ ಗಡಿಯಾರದವನಾಗಿ ನಿಂತು, ಎಲ್ಲರೊಡನೆ ತಾನೂ ಚಪ್ಪಾಳೆ ತಟ್ಟುತ್ತಾನೆ. ನಾನು ಅತ್ತುಬಿಟ್ಟೆ.

ವೆಲ್ಡಿಂಗ್‌ಬಾಯಿಯ ಸಿನಿಮಾ ಹಾಗಲ್ಲ. ಇಂಟರ್ವಲ್ ಹತ್ತಿರ ಬಂದರೂ ಅವಳಿಗೆ ಶಕ್ತಿಯೇ ಬರುವುದಿಲ್ಲ. ವೆಲ್ಡಿಂಗ್ ಮಾಡುತ್ತಾಳೆ, ಕೆಲಸ ಮಾಡಿಸುವ ಮುಕಾದಮನ ಜೊತೆ ಜಗಳ ಕಾಯುತ್ತಾಳೆ, ತಾಯಿಗೆ ಔಷಧ ಕುಡಿಸುತ್ತಾಳೆ. ಆಮೇಲೆ ಕಾರ್ಖಾನೆಯಲ್ಲಿ ಸ್ಫೋಟವಾಗಿ ಬೆಂಕಿ ಅವಳ ಅಂಗೈಯಲ್ಲೇ ಉಳಿದುಬಿಡುತ್ತದೆ. ಅದನ್ನು ಬಳಸಲು ಬಾರದೆ ತನ್ನ ಮನೆಯ ಬಾಗಿಲನ್ನೇ ಸುಡುತ್ತಾಳೆ. ಅಲ್ಲಿಗೆ ಇಂಟರ್ವಲ್. ಆ ಸಿನಿಮಾ ಮೊದಲ ಸಲ ಬಂದಾಗ ಅರ್ಧ ಥಿಯೇಟರ್ ಅಲ್ಲೇ ಎದ್ದು ಹೋಗಿತ್ತು. ನಾನೂ ಎದ್ದಿದ್ದೆ, ಮಾವಶಿ ನನ್ನ ಓಢಣಿ ಹಿಡಿದು ಜಗ್ಗಿದಳು.

“ಕುಂದ್ರ ಸುಮ್ಮನ. ಬಾಗಲಾ ಸುಟ್ಟಾಕಿ ಮುಂದ ಏನ್ ಮಾಡ್ತಾಳ ನೋಡೂಣು.”

ಮಿರಜಕ್ಕೆ ಮರಳುವ ಬಸ್ಸಿನಲ್ಲಿ ಜಗಳ ಶುರುವಾಯಿತು. ವರ್ಷಗಟ್ಟಲೆ ನಡೆಯಿತು.

“ನಿಮ್ಮ ವೆಲ್ಡಿಂಗ್‌ಬಾಯಿ ಪಿಕ್ಚರ್ ಭಾಳ ನಿಧಾನ ಐತ್ರಿ ಮಾವಶಿ. ಮೊದಲನೇ ಪಿಕ್ಚರ್ ಅಂದ್ರ ಸರದಾರಂದು. ಕುಂತಲ್ಲಿಂದ ಏಳಾಕ ಬಿಡೂದಿಲ್ಲ.”

“ಕೆಲಸಾ ಕಲಿಯೂದು ನಿಧಾನನ ಇರ್ತೈತಿ. ನಿನ್ನ ಸರದಾರ ತೊಟ್ಟಿಲದಾಗ ಇದ್ದಾಗಿಂದ ಬಲಾಢ್ಯ. ಅಂವಾ ಸೇತುವೆ ಹೊತ್ರ ಏನ್ ದೊಡ್ಡದಾತು?”

“ಹೊತ್ತರೂ ಹೆಸರಿಗೆ ಆಸೆ ಪಡಲಿಲ್ಲಲ್ರಿ?”

“ಆಸೆ ಪಡೂದು ಬ್ಯಾಡ. ಮಾರಿ ಯಾಕ ಮುಚ್ಚಿಕೋಬೇಕು ಅದನ್ನ ಹೇಳು. ಎರಡನೇ ಪಿಕ್ಚರ್‌ದಾಗೂ ಮುಚ್ಚಿಕೊಂಡ, ಮೂರನೇದ್ರಾಗೂ ಮುಚ್ಚಿಕೊಂಡ. ಆ ಹುಡುಗಿ ನೋಡು, ಬೆಂಕಿ ಕೆಲಸಾ ಮಾಡುವಾಗ ಕಣ್ಣಿಗೆ ಗಾಜು ಇಳಸ್ತಾಳ. ಮಂದಿ ಕೂಡ ಮಾತಾಡೂ ಮುಂದ ಗಾಜು ಎತ್ತತಾಳ. ಯಾರು ಮಾಡಿದ್ರು ಅಂತ ಕೇಳಿದ್ರ ‘ನಾನು’ ಅಂತಾಳ. ಮುಗೀತು.”

ಇಲ್ಲಿಯವರೆಗೆ ಇದು ನಮ್ಮಿಬ್ಬರ ಜಗಳ. ಊರಿನ ಜಗಳವಾದದ್ದು ಮೊನ್ನೆ ಅರಿಶಿಣದ ಹಂಗಾಮಿನಲ್ಲಿ. ಹಳೆಯ ಸಿನಿಮಾಗಳನ್ನು ಮತ್ತೆ ಥಿಯೇಟರಿಗೆ ತರುವ ಹುಚ್ಚು ಈಗ ಹತ್ತಿದೆಯಲ್ಲ, ಆ ಎರಡೂ ಕಂಪನಿಗಳು ಜಿದ್ದಿಗೆ ಬಿದ್ದು ತಮ್ಮ ಮೊದಲ ಸಿನಿಮಾವನ್ನು ಒಂದೇ ವಾರ ಬಿಟ್ಟವು. ನಾವು ಎರಡನ್ನೂ ನೋಡಿ ಹೊರಬಂದಾಗ, ಮೊಬೈಲ್ ಹಿಡಿದ ಒಬ್ಬ ಚಾನೆಲ್‌ನವನು ಸಿಕ್ಕವರನ್ನೆಲ್ಲ ಮರಾಠಿಯಲ್ಲಿ ಕೇಳುತ್ತಿದ್ದ: ಎರಡರಲ್ಲಿ ಯಾವುದು ಒಳ್ಳೆಯದು? ಮಾವಶಿಯ ಮುಂದೆಯೂ ಮೊಬೈಲ್ ಹಿಡಿದ. ಅವಳು ಮರಾಠಿಯಲ್ಲೇ ಶುರುಮಾಡಿದಳು. ಸಿಟ್ಟು ಬಂದ ಹಾಗೆ ಕನ್ನಡಕ್ಕೆ ಇಳಿದಳು.

“ನೀಲಿ ಸರದಾರ ಒಳ್ಳೇಂವ ಇದ್ದಾನ, ಇಲ್ಲ ಅನ್ನೂದಿಲ್ಲ. ಆದ್ರ ಮಾರಿ ಮುಚ್ಚಿಕೊಂಡು ಮಾಡಿದ ಉಪಕಾರ ನನಗ ಬ್ಯಾಡ. ನಮ್ಮ ಪ್ಯಾಟ್ಯಾಗೂ ಹಿಂಗ ಇತ್ತು. ಧಾರಣಿ ರುಮಾಲಿನ ಕೆಳಗ. ಬೆರಳು ಹಿಡಿದಾವ್ರಿಗೆ ಗೊತ್ತು, ಅರಿಶಿಣಾ ಬೆಳದಾಂವಗ ಗೊತ್ತಿಲ್ಲ. ‘ನಿನ್ನ ಚಲೋಕ್ಕ ಮಾಡ್ತೇವಿ’ ಅಂತಿದ್ರು. ಚಲೋದು ಆಗಿದ್ರ ರುಮಾಲು ಯಾಕ ಬೇಕಿತ್ತು? ವೆಲ್ಡಿಂಗ್‌ಬಾಯಿ ಗಾಜು ಎತ್ತಿ ಮಾತಾಡ್ತಾಳ. ಮೊದಲನೇ ಪಿಕ್ಚರ್ ಅಂದ್ರ ಆಕೀದು.”

ಅವನು ಆ ವಿಡಿಯೋದ ಕೆಳಗೆ ಮರಾಠಿ ಅಕ್ಷರ ಹಾಕಿ ಚಾನೆಲ್‌ನಲ್ಲಿ ಬಿಟ್ಟುಬಿಟ್ಟ. ಎರಡು ದಿನದಲ್ಲಿ ಅದು ಎಲ್ಲರ ಮೊಬೈಲಿನಲ್ಲಿತ್ತು. ಅಥಣಿ, ಜಮಖಂಡಿಯಿಂದ ಮಿರಜದ ದವಾಖಾನೆಗಳಿಗೆ ಬಂದವರು ದಾರಿಯಲ್ಲಿ ಮಾವಶಿಯನ್ನು ನಿಲ್ಲಿಸಿ, “ನೀವ ಅಲ್ಲೇನ್ರಿ ಆ ಪಿಕ್ಚರ್ ಅಕ್ಕಾರು?” ಎಂದು ಕೇಳತೊಡಗಿದರು. ನನಗೆ ಹೆಮ್ಮೆಯಾಯಿತು. ನನ್ನ ಸರದಾರನನ್ನು ಬೈದಿದ್ದರೂ ಆಯಿತು.

ಪೇಟೆಯವರಿಗೆ ಉರಿ ಬಿತ್ತು. ನಮ್ಮ ಓಣಿಯ ವ್ಯಾಪಾರಿ ಮಂಡಳದ ಅಧ್ಯಕ್ಷ ಬಾಳಾಸಾಹೇಬ. ಎಲ್ಲರಿಗಿಂತ ದೊಡ್ಡ ಖರೀದಿದಾರ. ಅವನು ಸಭೆ ಕರೆದು ಠರಾವು ಮಾಡಿಸಿದ: ಸುಮನ ಅಡತಿಯವಳು ಸಿನಿಮಾದ ನೆಪ ಮಾಡಿ ನಮ್ಮ ಹಿರಿಯರನ್ನು ಕಳ್ಳರೆಂದಿದ್ದಾಳೆ, ಮಂಡಳದ ಮುಂದೆ ಮಾಫಿ ಕೇಳಬೇಕು. ಇಲ್ಲವಾದರೆ ಗಾದಿ ಬಿಟ್ಟು ಮಗನಿಗೆ ಕೊಡಬೇಕು. ಎರಡೂ ಆಗದಿದ್ದರೆ ಅವಳ ಅಂಗಡಿಯ ಸವಾಲಿನಲ್ಲಿ ಯಾವ ಖರೀದಿದಾರನೂ ಬಾಯಿ ಬಿಡಬಾರದು. ಬಾಯಿ ಬಿಡದಿದ್ದರೆ ಮಾಲು ಮಾರುವುದಿಲ್ಲ, ಮಾಲು ಮಾರದ ಅಂಗಡಿಗೆ ರೈತ ಬರುವುದಿಲ್ಲ. ಅವಳು ಅಷ್ಟು ವರ್ಷ ಕೂತ ಗಾದಿ ಒಂದೇ ಹಂಗಾಮಿನಲ್ಲಿ ಬರಿದಾಗುತ್ತಿತ್ತು.

“ಅವ್ವಾ, ‘ತಪ್ಪಾತು’ ಅಂತ ಒಂದ್ ಮಾತು ಅಂದ್ಬಿಡು,” ಎಂದ ಸುಶಾಂತ. “ಆ ಪಿಕ್ಚರ್ ಸಲುವಾಗಿ ಅಂಗಡಿ ಮುಳಗಬೇಕೇನ? ನನಗ ಪ್ಯಾಟ್ಯಾಗ ಮಾರಿ ತೋರಸಾಕ ಆಗವಲ್ದು.”

“ಇಂಥಾ ಪಿಕ್ಚರ್‌ದ ಹುಚ್ಚು ನನಗ ಹಚ್ಚಿದಾಂವ ನೀನ,” ಎಂದಳು ಮಾವಶಿ. ಅವನು ಊಟ ಬಿಟ್ಟು ಎದ್ದ.

ಅಮಾವಾಸ್ಯೆ ಬಂತು. ಅಂಗಡಿಯಲ್ಲಿ ಪೂಜೆಗೆ ಮಂಡಳದ ಹಿರಿಯರೂ ಬಂದರು, ಬಾಳಾಸಾಹೇಬನೂ ಬಂದ. ಸಲಗರೆಯ ರೈತ ಆದಪ್ಪ ಹಿಂದಿನ ದಿನವೇ ತನ್ನ ಅರಿಶಿಣ ತಂದು ಅಂಗಡಿಯಲ್ಲಿ ಸುರಿದಿದ್ದ, ಅವನು ಗೋಡೆಗೊರಗಿ ಕೂತಿದ್ದ. ಮಂಗಳಾರತಿಯಾದ ಮೇಲೆ ಗುರುಬಸಪ್ಪನವರು ಕೆಮ್ಮಿದರು. ಹೆಗಲ ಮೇಲಿನ ಬಿಳಿ ರುಮಾಲು ತೆಗೆದು ಗಾದಿಯ ಮುಂದೆ ಹಾಸಿದರು. ಬಾಳಾಸಾಹೇಬ ಎದುರಿಗೆ ಕೂತು ಅದರ ಕೆಳಗೆ ಕೈ ಇಟ್ಟ.

ಇದು ಹಳೆಯ ರೂಢಿ. ವ್ಯಾಪಾರಿಗಳ ನಡುವೆ ಜಗಳವಾದಾಗ ತೀರ್ಮಾನವೂ ರುಮಾಲಿನ ಕೆಳಗೇ ಆಗುತ್ತಿತ್ತು. ಯಾರು ಸೋತರು, ಯಾರು ಬಗ್ಗಿದರು ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

“ಸುಮನಾ, ಬಾಯಿಲೆ ಏನೂ ಹೇಳೂದು ಬ್ಯಾಡ,” ಎಂದರು ಗುರುಬಸಪ್ಪನವರು. ಅವರ ದನಿ ಮೃದುವಾಗಿತ್ತು. ತಾವು ದೊಡ್ಡ ಉಪಕಾರ ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು. “ಕೈ ಕೆಳಗ ತಾ. ಒಂದು ಬೆರಳು ಒತ್ತಿದ್ರ ಮಾಫಿ ಕೇಳಿದಿ ಅಂತ ತಿಳಕೊಳ್ತೇವಿ. ಎರಡು ಒತ್ತಿದ್ರ ಗಾದಿ ಸುಶಾಂತಗ. ಯಾರಿಗೂ ಗೊತ್ತಾಗೂದಿಲ್ಲ. ನಿನ್ನ ಮಾನಾ ಉಳೀತೈತಿ.”

ಸುಶಾಂತ ತಲೆ ತಗ್ಗಿಸಿಕೊಂಡು ನಿಂತಿದ್ದ. ಒಂದು ಬೆರಳು ಒತ್ತಿಬಿಡಲಿ ಎಂದು ಒಂದು ಕ್ಷಣ ನನಗೂ ಅನಿಸಿತು. ನೀಲಿ ಸರದಾರ ಹಾಗೇ ಮಾಡುತ್ತಿದ್ದ, ಒಳಗೊಳಗೇ ಎಲ್ಲರನ್ನೂ ಉಳಿಸಿ ಸುಮ್ಮನಿರುತ್ತಿದ್ದ.

ಮಾವಶಿ ರುಮಾಲನ್ನು ನೋಡಿದಳು. ಆಮೇಲೆ ನಕ್ಕಳು.

“ಭಾವಾರ, ಆವತ್ತ ನೀವ ಏನಂದಿದ್ರಿ? ಹೆಣ್ಣಿನ ಕೈ ಇದರ ಕೆಳಗ ಬರಬಾರದು, ಪರಗಂಡಸರು ಬೆರಳು ಹಿಡದ್ರ ಮನಿತನಕ್ಕ ಶೋಭಾ ಅಲ್ಲ ಅಂದ್ರಿ. ಧಾರಣಿ ಹೇಳಾಕ ಬರಬಾರದ ಕೈ ಮಾಫಿ ಕೇಳಾಕ ಹ್ಯಾಂಗ ಬರ್ತೈತ್ರಿ?”

ಅಷ್ಟು ಹಿರಿಯರು ಕೂಡಿ ಯೋಚಿಸಿ ತಂದ ಉಪಾಯದಲ್ಲಿ ಈ ಒಂದು ಮಾತು ಒಬ್ಬರ ನೆನಪಿಗೂ ಬಂದಿರಲಿಲ್ಲ.

ಮಾವಶಿ ರುಮಾಲಿನ ತುದಿ ಹಿಡಿದು ಎತ್ತಿದಳು. ಕೆಳಗೆ ಬಾಳಾಸಾಹೇಬನ ಕೈ ಉಂಗುರಗಳ ಸಮೇತ ಒಂಟಿಯಾಗಿ ಬಿದ್ದಿತ್ತು. ಅವನು ಸರಕ್ಕನೆ ಹಿಂದಕ್ಕೆ ತೆಗೆದುಕೊಂಡ. ಅವಳು ರುಮಾಲನ್ನು ನೀಟಾಗಿ ಮಡಿಸಿ ಗುರುಬಸಪ್ಪನವರ ಕೈಗೆ ಕೊಟ್ಟಳು.

“ಎಲ್ಲಾರೂ ಕೇಳ್ರಿ. ನಾ ಹೇಳಿದ್ದು ಖರೇ ಐತಿ. ಮಾಫಿ ಕೇಳೂದಿಲ್ಲ. ಗಾದಿ ಬಿಡೂದಿಲ್ಲ. ನಾಳೆ ಸವಾಲು ಐತಿ, ಬರಾವ್ರು ಬರ್ರಿ. ಈಗ ಕುಂದ್ರಿ, ಪ್ರಸಾದ ತಗೊಂಡು ಹೋಗ್ರಿ.”

ಪ್ರಸಾದ ತೆಗೆದುಕೊಳ್ಳದೆ ಎದ್ದವರು ಬಹಳ ಮಂದಿ. ಅವರು ಹೋದ ಮೇಲೆ ಮಾವಶಿ ಆದಪ್ಪನ ಹತ್ತಿರ ಬಂದಳು. “ತಮ್ಮಾ, ನಾಳೆ ಇಲ್ಲಿ ಯಾರೂ ಧಾರಣಿ ಹೇಳಲಿಕ್ಕಿಲ್ಲ. ನಿನ್ನ ಮಾಲು ಬ್ಯಾರೆ ಅಂಗಡಿಗೆ ಒಯ್ಯೂದಿದ್ರ ಒಯ್ಯಿ. ನಾ ಸಿಟ್ಟಾಗೂದಿಲ್ಲ.”

ಆದಪ್ಪ ಕೈಯಲ್ಲಿದ್ದ ಪ್ರಸಾದ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ನುಂಗಿ ಹೇಳಿದ: “ಅಕ್ಕಾರ, ನಮ್ಮಪ್ಪ ಆ ರುಮಾಲು ನೋಡಕೋತ ನಿಂತಾಂವ. ನಾ ನಿಲ್ಲೂದಿಲ್ಲ. ಮಾಲು ಇಲ್ಲೇ ಇರ್ಲಿ.”

ಆ ಮಧ್ಯಾಹ್ನ ನಾವು ಬಸ್ ಹತ್ತಿ ಸಾಂಗ್ಲಿಗೆ ಹೋದೆವು. ಅಮಾವಾಸ್ಯೆಯ ಬಿಡುವನ್ನು ಯಾಕೆ ಬಿಡಬೇಕು ಎಂದಳು. ಬಸ್ಸಿನಲ್ಲಿ ಅವಳು ಟಿಕೆಟ್ ತೆಗೆಸಿದ್ದನ್ನು ಮರೆತು ಕಂಡಕ್ಟರನಿಗೆ ಮತ್ತೆ ದುಡ್ಡು ಹಿಡಿದಳು. ದುಡ್ಡಿನ ಲೆಕ್ಕದಲ್ಲಿ ಅವಳು ತಪ್ಪಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

“ಅಂಜಿಕಿ ಆಗೇತೇನ್ರಿ ಮಾವಶಿ?”

“ಆಗೇತಿ. ವೆಲ್ಡಿಂಗ್‌ಬಾಯಿಗೂ ಆಗಿತ್ತಲಾ. ಬಾಗಲಾ ಸುಟ್ಟಿದ್ದು ನೋಡಲಿಲ್ಲೇನ?”

ಮರುದಿನ ಸವಾಲು ಶುರುವಾಯಿತು. ಖರೀದಿದಾರರ ಗುಂಪು ಅಂಗಡಿಯಿಂದ ಅಂಗಡಿಗೆ ಬರುತ್ತ ನಮ್ಮಲ್ಲಿಗೆ ಮುಟ್ಟಿತು. ನಾನೂ ಕೆಲಸಕ್ಕೆ ರಜೆ ಹಾಕಿ ಬಂದಿದ್ದೆ. ಎಲ್ಲರೂ ಆದಪ್ಪನ ರಾಶಿಯ ಸುತ್ತ ನಿಂತರು. ಮಾವಶಿ ಒಂದು ಕೊಂಬು ಎತ್ತಿ, ಮುರಿದು, ಅಂಗೈಯಲ್ಲಿಟ್ಟು ತೋರಿಸಿದಳು. ಒಳಗೆ ಕಡು ಕೇಸರಿ ಬಣ್ಣ. ಅಂಥ ಅರಿಶಿಣ ಆ ಹಂಗಾಮಿನಲ್ಲಿ ಪೇಟೆಗೆ ಬಂದಿರಲಿಲ್ಲ. ಅವಳು ಮೊದಲ ಧಾರಣೆ ಕೂಗಿದಳು.

ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಬಾಳಾಸಾಹೇಬನ ಮುಖ ನೋಡುತ್ತಿದ್ದರು, ಅವನು ಛಾವಣಿ ನೋಡುತ್ತಿದ್ದ. ಮಾವಶಿ ಮತ್ತೆ ಕೂಗಿದಳು. ಮತ್ತೆ ಕೂಗಿದಳು. ಅವಳ ಗಂಟಲು ಕಟ್ಟಿತು, ದನಿ ಒಡೆಯಿತು, ಕೆಮ್ಮು ಬಂತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಆಗ ಮೂಲೆಯಲ್ಲಿ ಕೂತಿದ್ದ ಸುಶಾಂತ ಎದ್ದ. ಅವ್ವನ ಪಕ್ಕಕ್ಕೆ ಬಂದು ನಿಂತು ಅದೇ ಧಾರಣೆಯನ್ನು ಓಣಿಯ ಆ ತುದಿಗೆ ಕೇಳಿಸುವಂತೆ ಕೂಗಿದ. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಮತ್ತೊಮ್ಮೆ ಕೂಗಿದ. ಮಾವಶಿ ಅವನತ್ತ ತಿರುಗಿ ನೋಡಲಿಲ್ಲ, ಬಿದ್ದಿದ್ದ ಲೋಡನ್ನು ಸರಿಯಾಗಿ ನಿಲ್ಲಿಸಿಟ್ಟು ಮತ್ತೆ ಗಾದಿಯ ಮೇಲೆ ಕುಳಿತಳು.

ಗುಂಪಿನಲ್ಲಿದ್ದ ಒಬ್ಬ ಖರೀದಿದಾರ ಬಗ್ಗಿ ರಾಶಿಯಿಂದ ಒಂದು ಹಿಡಿ ಅರಿಶಿಣ ತೆಗೆದು ಮೂಸಿದ. ಕೆಳಗಿಡದೆ ಇನ್ನೊಂದು ಹಿಡಿ ತೆಗೆದ. ಬಾಳಾಸಾಹೇಬ ಅದನ್ನು ಕಂಡ. ತನ್ನ ಕೈ ತಪ್ಪಿ ಈ ಮಾಲು ಇವನಿಗೆ ಹೋಗುತ್ತದೆ ಎಂಬುದು ಅವನಿಗೆ ಮಂಡಳದ ಮರ್ಯಾದೆಗಿಂತ ದೊಡ್ಡ ಸಂಕಟವಾಗಿರಬೇಕು. ಅವನು ಗಾದಿಯ ಹತ್ತಿರ ಸರಿದು, ಕುತ್ತಿಗೆ ಬಗ್ಗಿಸಿ, ಹೆಗಲ ರುಮಾಲನ್ನು ಬಾಯಿಗೆ ಅಡ್ಡ ಹಿಡಿದು ಒಂದು ಧಾರಣೆ ಗೊಣಗಿದ. ಹತ್ತಿರವೇ ಇದ್ದ ನನಗೆ ಅದು ಕೇಳಿಸಿತು. ಮಾವಶಿ ಕೂಗಿದ್ದಕ್ಕಿಂತ ಹೆಚ್ಚೇ ಇತ್ತು.

ಮಾವಶಿ ಕಿವಿಗೆ ಕೈ ಹಚ್ಚಿದಳು.

“ಕೇಳಿಸ್ಲಿಲ್ರಿ ಬಾಳಾಸಾಹೇಬ. ರುಮಾಲು ತಗೀರಿ. ಮಾರಿ ಎತ್ತಿ ಜೋರಲೆ ಹೇಳ್ರಿ.”

ಅವನು ಸುತ್ತ ನೋಡಿದ. ರುಮಾಲು ಕೆಳಗಿಳಿಸಿದ. ಇಡೀ ಓಣಿಗೆ ಕೇಳುವಂತೆ ಹೇಳಿದ. ಹಿಂದೆ ಗೋಡೆಗೊರಗಿ ನಿಂತಿದ್ದ ಆದಪ್ಪನಿಗೂ ಕೇಳಿಸಿತು.